ಶುಗರ್ ಇದ್ದವರ ತಟ್ಟೆ: ರೊಟ್ಟಿ ಬಡಿಯುವವಳ ಲೆಕ್ಕ

ನಮ್ಮ ಖಾನಾವಳಿಯಲ್ಲಿ ಶುಗರ್ ಇರುವ ಗಿರಾಕಿಯನ್ನು ಗುರುತಿಸುವುದು ಸುಲಭ. "ಅಕ್ಕಾ, ಅನ್ನ ಬೇಡ, ಇನ್ನೆರಡು ರೊಟ್ಟಿ ಹಾಕಿರಿ" ಎನ್ನುತ್ತಾರೆ. ಜೋಳದಿಂದ ಸಕ್ಕರೆ ಏರುವುದಿಲ್ಲ ಎಂಬ ನಂಬಿಕೆ ಕಲಬುರಗಿಯಲ್ಲಿ ಬಲವಾಗಿ ಬೇರೂರಿದೆ. ರೊಟ್ಟಿ ಮಾರಿ ಬದುಕುವ ನಾನೇ ಅಲ್ಲಗಳೆದರೆ ನಾಲ್ಕು ಜನ ಕೇಳಬಹುದೇನೋ ಎಂದು ಬರೆಯುತ್ತಿದ್ದೇನೆ. ನಮ್ಮ ಮನೆಯವರಿಗೂ ಸಕ್ಕರೆ ಕಾಯಿಲೆ ಇದೆ. ಈ ಲೆಕ್ಕ ನನಗೆ ದಿನವೂ ಬೇಕು.

ಮೊದಲು ಹಿಟ್ಟು ತೂಗಿ ನೋಡಿ. ಅಗಲವಾಗಿ ಬಡಿದ ಒಂದು ಮೆತ್ತನೆಯ ರೊಟ್ಟಿಗೆ ನಮ್ಮಲ್ಲಿ 50 ಗ್ರಾಂ ಹಿಟ್ಟು ಹೋಗುತ್ತದೆ. ಅದರಲ್ಲಿ ಸುಮಾರು 34 ಗ್ರಾಂ ಪಿಷ್ಟ, 5 ಗ್ರಾಂ ನಾರು, 5 ಗ್ರಾಂ ಪ್ರೋಟೀನ್, ಹತ್ತಿರ ಹತ್ತಿರ 170 ಕ್ಯಾಲೊರಿ. ಪಾಲಿಶ್ ಮಾಡಿದ ಅಕ್ಕಿಗಿಂತ ಜೋಳದಲ್ಲಿ ನಾರು ಮೂರು ಪಟ್ಟಿಗೂ ಹೆಚ್ಚು. ಹಾಗಾಗಿ ಜೋಳ ಒಳ್ಳೆಯದು ಎನ್ನುವುದು ಸುಳ್ಳಲ್ಲ. ಆದರೆ ಪಿಷ್ಟವೆಲ್ಲ ಕೊನೆಗೆ ಸಕ್ಕರೆಯಾಗಿಯೇ ರಕ್ತ ಸೇರುತ್ತದೆ. ನಾಲ್ಕು ರೊಟ್ಟಿ ಎಂದರೆ 136 ಗ್ರಾಂ ಪಿಷ್ಟ. ಕಡಕ್ ರೊಟ್ಟಿ ತೆಳುವಾಗಿದೆ ಎಂದು ಕರಕರ ಮುರಿಯುತ್ತ ಕೂತರೆ ಎಷ್ಟು ಹೋಯಿತೆಂದೇ ತಿಳಿಯುವುದಿಲ್ಲ. ಹಿಟ್ಟನ್ನು ಸಣ್ಣ ಜರಡಿಯಲ್ಲಿ ಹಿಡಿದು ತೌಡು ಚೆಲ್ಲುವ ಚಟವಿದ್ದರೆ ಬಿಡಿ. ರೊಟ್ಟಿ ಬೆಳ್ಳಗಾಗುತ್ತದೆ ನಿಜ, ಆದರೆ ನಾರು ದನದ ಬಾನಿಗೆ ಹೋಗುತ್ತದೆ.

ತೂಕ ಇಳಿಸಬೇಕಾದವರು ಉಳಿದ ತಿನಿಸುಗಳನ್ನೂ ರೊಟ್ಟಿಯಲ್ಲೇ ಎಣಿಸಿ. ಎರಡು ಚಮಚ ಸಕ್ಕರೆಯ ಚಹಾ ದಿನಕ್ಕೆ ನಾಲ್ಕು ಬಾರಿ ಕುಡಿದರೆ ಬರೀ ಸಕ್ಕರೆಯಿಂದಲೇ ಒಂದು ರೊಟ್ಟಿಯಷ್ಟು ಕ್ಯಾಲೊರಿ. ಒಂದು ಹಿಡಿ ಶೇಂಗಾ, ಅಂದರೆ 30 ಗ್ರಾಂ, ಅದೂ ಒಂದು ರೊಟ್ಟಿ. ದೊಡ್ಡ ಚಮಚ ಎಣ್ಣೆ 120 ಕ್ಯಾಲೊರಿ, ಮುಕ್ಕಾಲು ರೊಟ್ಟಿಗೆ ಹತ್ತಿರ. ಸಂಜೆ ಬಂಡಿಯ ಮುಂದೆ ನಿಂತು ತಿನ್ನುವ ಎರಡು ಮಿರ್ಚಿ ಭಜಿ ಒಂದು ರೊಟ್ಟಿಯನ್ನು ಸಲೀಸಾಗಿ ಮೀರುತ್ತವೆ. ಶೇಂಗಾ, ಎಣ್ಣೆ ಸಕ್ಕರೆಯನ್ನು ತಕ್ಷಣ ಏರಿಸುವುದಿಲ್ಲ, ಹೊಟ್ಟೆಯ ಸುತ್ತಳತೆಯನ್ನು ಏರಿಸುತ್ತವೆ. ಆ ಬೊಜ್ಜು ಇನ್ಸುಲಿನ್ನಿನ ಕೆಲಸಕ್ಕೆ ಅಡ್ಡ ಬರುತ್ತದೆ. ನಮ್ಮ ದೇಶದವರಿಗೆ ಸೊಂಟದ ಮಿತಿ ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80. ಟೇಪನ್ನು ಹೊಕ್ಕುಳ ಮಟ್ಟದಲ್ಲಿ ಹಿಡಿಯಿರಿ, ಉಸಿರು ಬಿಗಿಹಿಡಿದು ಹೊಟ್ಟೆ ಒಳಗೆಳೆದುಕೊಳ್ಳಬೇಡಿ.

ಹಾಗಾದರೆ ಹೊಟ್ಟೆ ತುಂಬುವುದು ಹೇಗೆ? ಎಳ್ಳ ಅಮಾವಾಸ್ಯೆಯ ಊಟವನ್ನು ನೆನೆಯಿರಿ. ಹೊಲದಲ್ಲಿ ಚರಗ ಚೆಲ್ಲಿ ಉಣ್ಣುವಾಗ ತಟ್ಟೆಯಲ್ಲಿ ದೊಡ್ಡದಾಗಿ ಕಾಣುವುದು ಬಜ್ಜಿ: ಮೆಂತ್ಯ, ಈರುಳ್ಳಿ ಸೊಪ್ಪು, ಗಜ್ಜರಿ, ಬದನೆಕಾಯಿ, ಹಸಿ ತೊಗರಿ, ಅವರೆ, ಹಸಿ ಕಡಲೆ, ಎಲ್ಲವನ್ನೂ ಹುಣಸೆಹುಳಿ, ಕಡಲೆಹಿಟ್ಟಿನಲ್ಲಿ ಬೇಯಿಸಿದ್ದು. ಸಜ್ಜೆ ರೊಟ್ಟಿ ಅದಕ್ಕೆ ಜೊತೆ ಮಾತ್ರ. ವರ್ಷಕ್ಕೊಮ್ಮೆ ಉಣ್ಣುವ ಈ ಪ್ರಮಾಣವನ್ನು ದಿನದ ತಟ್ಟೆಗೆ ತನ್ನಿ. ನಮ್ಮ ಮನೆಯಲ್ಲಿ ಅರ್ಧ ತಟ್ಟೆ ಪಲ್ಯ ಮತ್ತು ಹಸಿ ಸವತೆ, ಮೂಲಂಗಿ. ಕಾಲು ಭಾಗ ಮಡಕಿ ಕಾಳಿನ ಉಸಳಿ ಅಥವಾ ಗಟ್ಟಿ ತೊಗರಿಬೇಳೆ. ಉಳಿದ ಕಾಲಿನಲ್ಲಿ ಎರಡು ರೊಟ್ಟಿ. ಪುಂಡಿ ಪಲ್ಯ ಬಹಳ ಒಳ್ಳೆಯದು, ಆದರೆ ಹುಳಿ ಮುರಿಯಲೆಂದು ಎಣ್ಣೆ ಸುರಿಯಬೇಡಿ. ಎಣ್ಣೆಗಾಯಿಯ ಮೇಲೆ ಕೆಂಪು ಎಣ್ಣೆ ತೇಲದಿದ್ದರೆ ಗಿರಾಕಿಗಳು ಮುಖ ಸಿಂಡರಿಸುತ್ತಾರೆ ಎಂದು ನಾನು ಖಾನಾವಳಿಯಲ್ಲಿ ತೇಲಿಸುತ್ತೇನೆ. ಮನೆಯ ಒಗ್ಗರಣೆಗೆ ಚಮಚದಲ್ಲೇ ಅಳೆಯುತ್ತೇನೆ. ಬಾಟಲಿಯಿಂದ ನೇರವಾಗಿ ಸುರಿಯುವ ಕೈಗೆ ಅಂದಾಜು ಸಿಗುವುದಿಲ್ಲ.

ಉಣ್ಣುವ ಕ್ರಮವೂ ಮುಖ್ಯ. ಪಚಡಿ, ಪಲ್ಯ, ಕಾಳು ಮೊದಲು ಅರ್ಧದಷ್ಟು ಮುಗಿಯಲಿ, ರೊಟ್ಟಿ ಆಮೇಲೆ. ಹೀಗೆ ಉಂಡರೆ ಸಕ್ಕರೆ ನಿಧಾನಕ್ಕೆ ಏರುತ್ತದೆ. ರೊಟ್ಟಿ ಮುಗಿದ ಮೇಲೆ "ಒಂದು ತುತ್ತು ಅನ್ನ ಮಜ್ಜಿಗೆ" ಎಂಬ ಸಂಪ್ರದಾಯವಿದೆಯಲ್ಲ, ಆ ತುತ್ತು ಯಾವಾಗಲೂ ಒಂದು ಬಟ್ಟಲೇ ಆಗಿರುತ್ತದೆ. ಅನ್ನ ಬೇಕೆಂದರೆ ಒಂದು ರೊಟ್ಟಿ ಬಿಡಿ, ಮಜ್ಜಿಗೆಯನ್ನು ಹಾಗೆಯೇ ಕುಡಿಯಿರಿ. ಉಂಡ ಮೇಲೆ ಹತ್ತು ಹದಿನೈದು ನಿಮಿಷ ನಡೆಯಿರಿ. ಮೇ ತಿಂಗಳ ಮಧ್ಯಾಹ್ನ ಕಲಬುರಗಿಯಲ್ಲಿ ಹೊರಗೆ ನಡೆಯಿರಿ ಎನ್ನುವಷ್ಟು ಕ್ರೂರಿ ನಾನಲ್ಲ, ಪಡಸಾಲೆ ಸಾಕು. ಬೇಸಿಗೆಯಲ್ಲಿ ಶರಬತ್ತು, ಕಬ್ಬಿನ ಹಾಲು, ಬಾಟಲಿಯ ಮಾವಿನ ರಸ ಬೇಡ. ಸಕ್ಕರೆಯ ಬದಲು ಬೆಲ್ಲ ಹಾಕಿದ್ದೇವೆ ಎನ್ನುವವರಿಗೆ ನನ್ನ ಉತ್ತರ ಚಿಕ್ಕದು: ರಕ್ತಕ್ಕೆ ಎರಡೂ ಒಂದೇ. ಹೋಳಿಗೆ ಹಬ್ಬಕ್ಕೆ ಇರಲಿ, ಅರ್ಧ ಸಾಕು, ಆ ಹೊತ್ತು ರೊಟ್ಟಿ, ಅನ್ನ ಎರಡೂ ಬೇಡ.

ಇದೆಲ್ಲ ನಿಮಗೆ ಒಗ್ಗಿತೋ ಇಲ್ಲವೋ ಎಂಬುದನ್ನು ಪರೀಕ್ಷೆ ಹೇಳಬೇಕು. ಬರಿಹೊಟ್ಟೆಯಲ್ಲಿ ಸಕ್ಕರೆ 100ಕ್ಕಿಂತ ಕಡಿಮೆ ಇದ್ದರೆ ಸರಿ. 100ರಿಂದ 125 ಎಚ್ಚರಿಕೆಯ ಗಂಟೆ. 126 ಅಥವಾ ಮೇಲೆ ಬಂದರೆ ಮತ್ತೊಮ್ಮೆ ಪರೀಕ್ಷಿಸಿ ವೈದ್ಯರು ಕಾಯಿಲೆ ಎಂದು ಖಚಿತಪಡಿಸುತ್ತಾರೆ. 30 ದಾಟಿದವರಿಗೆ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಈ ತಪಾಸಣೆ ಉಚಿತ. ಎಚ್ಚರಿಕೆಯ ಹಂತದಲ್ಲಿರುವ ದಪ್ಪ ಮೈಯವರು ತೂಕದಲ್ಲಿ ನೂರಕ್ಕೆ ಏಳರಷ್ಟು ಇಳಿಸಿ, ವಾರಕ್ಕೆ 150 ನಿಮಿಷ ಬಿರುಸಾಗಿ ನಡೆದರೆ ಕಾಯಿಲೆ ಬರುವ ಸಂಭವ ಅರ್ಧಕ್ಕಿಂತ ಹೆಚ್ಚು ತಗ್ಗುತ್ತದೆ ಎಂದು 2002ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು ತೋರಿಸಿದೆ. ಈಗಾಗಲೇ ಕಾಯಿಲೆ ಇರುವವರು ಗ್ಲುಕೋಮೀಟರ್ ಇದ್ದರೆ ಊಟ ಶುರು ಮಾಡಿದ ಎರಡು ಗಂಟೆಗೆ ನೋಡಿ. ಸಾಮಾನ್ಯವಾಗಿ 180ರ ಒಳಗಿರಬೇಕು. ಮೀರಿದರೆ ಆ ತಟ್ಟೆಯಲ್ಲಿ ಒಂದು ರೊಟ್ಟಿ ಹೆಚ್ಚಾಗಿತ್ತು.

ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆ ತೆಗೆದುಕೊಳ್ಳುವವರು ಇದನ್ನು ಓದಿ ಇಂದೇ ಊಟ ಅರ್ಧ ಮಾಡಬೇಡಿ. ಔಷಧಿಯ ಪ್ರಮಾಣವೂ ಬದಲಾಗಬೇಕಾಗುತ್ತದೆ. ಮೂತ್ರಪಿಂಡದ ತೊಂದರೆ ಇರುವವರು ಕಾಳು, ಬೇಳೆ ಹೆಚ್ಚಿಸುವ ಮೊದಲು ಕೇಳಿ. ಶ್ರಾವಣ ಸೋಮವಾರದ ಉಪವಾಸವಿರಲಿ, ರಂಜಾನ್ ರೋಜಾ ಇರಲಿ, ವೈದ್ಯರ ಜೊತೆ ಮೊದಲೇ ಮಾತಾಡಿ. ಸಾಬೂದಾಣಿ ಖಿಚಡಿ ಉಪವಾಸದ ಆಹಾರವೇ ಹೊರತು ಶುಗರ್ ಇದ್ದವರ ಆಹಾರವಲ್ಲ, ಅದು ಬರೀ ಪಿಷ್ಟ. ಉಪವಾಸದಲ್ಲಿ ಕೈ ನಡುಗಿ, ಬೆವರಿ, ಕಣ್ಣು ಮಂಜಾದರೆ ಸಕ್ಕರೆ 70ಕ್ಕಿಂತ ಕೆಳಗೆ ಬಿದ್ದಿರಬಹುದು. ಆಗ ವ್ರತ ನೋಡಬೇಡಿ, ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಿ, 15 ನಿಮಿಷ ಬಿಟ್ಟು ಪರೀಕ್ಷಿಸಿ, ಏರದಿದ್ದರೆ ಮತ್ತೆ ಕೊಡಿ, ಚೇತರಿಸಿಕೊಂಡ ಮೇಲೆ ಊಟ ಮಾಡಿಸಿ. ಪ್ರಜ್ಞೆ ತಪ್ಪಿದವರ ಬಾಯಿಗೆ ಮಾತ್ರ ಏನನ್ನೂ ಹಾಕದೆ 108ಕ್ಕೆ ಕರೆ ಮಾಡಿ.