ಒಂದು ಸಲಕ್ಕೆ ಒಂದು ಸೈಡು: ತುಮಕೂರಿನ ಮನೆಯಲ್ಲಿ ಪ್ರೋಗ್ರೆಸಿವ್ ರಾಕ್ ಎಲ್‌ಪಿಗಳು

ಬ್ರಿಟನ್ನಿನ ಯೆಸ್ ತಂಡದ ‘ಕ್ಲೋಸ್ ಟು ದಿ ಎಡ್ಜ್’ ಆಲ್ಬಮ್ ಬಂದದ್ದು 1972ರಲ್ಲಿ. ಆ ಎಲ್‌ಪಿಯ, ಅಂದರೆ ದೊಡ್ಡ ರೆಕಾರ್ಡಿನ, ಮೊದಲ ಸೈಡಿನಲ್ಲಿ ಇರುವುದು ಒಂದೇ ಹಾಡು, 18 ನಿಮಿಷಕ್ಕೂ ಜಾಸ್ತಿ. ಮುಳ್ಳು ಇಟ್ಟ ಕೂಡಲೇ ಹರಿಯುವ ನೀರು, ಹಕ್ಕಿಗಳ ಸದ್ದು. ಆಮೇಲೆ ಸ್ಟೀವ್ ಹೌ ಗಿಟಾರು ನುಗ್ಗಿ ಬರುತ್ತದೆ. ನಡುವೆ ಎಲ್ಲ ನಿಧಾನವಾಗಿ, ಲಂಡನ್ನಿನ ಒಂದು ಚರ್ಚಿನಲ್ಲಿ ರೆಕಾರ್ಡ್ ಮಾಡಿದ ದೊಡ್ಡ ಆರ್ಗನ್ ಏಳುತ್ತದೆ. ಮುಗಿಯುವಾಗ ಮತ್ತೆ ಅದೇ ನೀರು, ಅದೇ ಹಕ್ಕಿ. ಅಷ್ಟರಲ್ಲಿ ಮುಳ್ಳು ಲೇಬಲ್ಲಿನ ಹತ್ತಿರ ಬಂದಿರುತ್ತದೆ.

ಉದ್ದುದ್ದ ಹಾಡು, ಬದಲಾಗುತ್ತಾ ಹೋಗುವ ಲಯ, ಇಂಥ ರಾಕ್‌ಗೆ ಪ್ರೋಗ್ರೆಸಿವ್ ರಾಕ್ ಅನ್ನುತ್ತಾರೆ. ಇದನ್ನು ಕಟ್ಟಿದವರಿಗೆ ಸೈಡೇ ಅಳತೆ. ನಿಮಿಷಕ್ಕೆ 33⅓ ಸುತ್ತು ಸುತ್ತುವ ಎಲ್‌ಪಿ 1948ರಲ್ಲಿ ಬಂದಾಗ ಒಂದು ಬದಿಗೆ ಇಪ್ಪತ್ತು ನಿಮಿಷದ ಮೇಲೆ ಸಂಗೀತ ಹಿಡಿಸುವಂತಾಯಿತು. 1970ರ ದಶಕದ ಈ ತಂಡಗಳು ಆ ಜಾಗವನ್ನು ಪೂರ್ತಿ ಬಳಸಿಕೊಂಡವು. ಪಿಂಕ್ ಫ್ಲಾಯ್ಡ್‌ನ ‘ಎಕೋಸ್’ ಒಂದು ಸೈಡು. ಎಮರ್ಸನ್, ಲೇಕ್ ಅಂಡ್ ಪಾಮರ್ ತಂಡದ ‘ಟಾರ್ಕಸ್’ ಒಂದು ಸೈಡು. ರಶ್ ತಂಡದ ‘2112’ ಒಂದು ಸೈಡು. ಜೆಥ್ರೋ ಟಲ್ ‘ಥಿಕ್ ಆಸ್ ಎ ಬ್ರಿಕ್’ನಲ್ಲಿ ಒಂದೇ ಹಾಡನ್ನು ಎರಡು ಸೈಡಿಗೆ ಹಂಚಿತು. ಮೊಬೈಲಿನಲ್ಲಿ ಇವೆಲ್ಲ ನನಗೆ ಉದ್ದ ಅನ್ನಿಸುತ್ತಿದ್ದವು. ಒಂದು ಸಲಕ್ಕೆ ಒಂದು ಸೈಡು ಅಂತ ಕೂತು ಕೇಳಲು ಶುರು ಮಾಡಿದ ಮೇಲೆ ಉದ್ದ ಅನ್ನಿಸುವುದು ನಿಂತಿತು. ಅದಕ್ಕೆ ನಾನು ಮನೆಯಲ್ಲಿ ಏನೇನು ಮಾಡಿಕೊಂಡೆ ಅಂತ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಮನೆ ಕ್ಯಾತ್ಸಂದ್ರದಲ್ಲಿ. ಒಂದು ಕಡೆ ಹೈವೇ, ಇನ್ನೊಂದು ಕಡೆ ರೈಲು. ಲಾರಿ ಹೋದರೆ ನೆಲ ನಡುಗುವುದು ನಮಗೆ ಗೊತ್ತಾಗುವುದಿಲ್ಲ, ಮುಳ್ಳಿಗೆ ಗೊತ್ತಾಗುತ್ತದೆ. ಅದು ಓದುವುದೇ ಕಣ್ಣಿಗೆ ಕಾಣದಷ್ಟು ಸಣ್ಣ ಅಲುಗಾಟವನ್ನು, ಅಲ್ವಾ? ಮೇಜಿನ ಮೇಲೆ ಟರ್ನ್‌ಟೇಬಲ್ (ರೆಕಾರ್ಡ್ ಪ್ಲೇಯರ್) ಇಟ್ಟಾಗ ಸ್ಪೀಕರಿನಿಂದ ಸಣ್ಣಗೆ ಗುಡುಗುಡು ಬರುತ್ತಿತ್ತು. ಹಳೆ ಮನೆಯ ಗೋಡೆಯೊಳಗೇ ಕೂರಿಸಿದ ಕಡಪ ಕಲ್ಲಿನ ಶೆಲ್ಫು ಇತ್ತು. ಅದರ ಮೇಲಿದ್ದ ಪುಸ್ತಕಗಳನ್ನು ಇಳಿಸಿ ಪ್ಲೇಯರನ್ನು ಅಲ್ಲಿಟ್ಟೆ. ಸ್ಪೀಕರುಗಳನ್ನು ಎದುರು ಗೋಡೆಯ ಕಡೆ ನೆಲದ ಸ್ಟ್ಯಾಂಡಿಗೆ ಹಾಕಿದೆ. ಗುಡುಗುಡು ಹೋಯಿತು. ಗೋಡೆಗೆ ಸೇರಿದ ಕಲ್ಲಿನಷ್ಟು ಒಳ್ಳೆಯ ಜಾಗ ದುಡ್ಡು ಕೊಟ್ಟರೂ ಸಿಗುವುದಿಲ್ಲ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಸ್ಪಿರಿಟ್ ಲೆವೆಲ್ ಇಟ್ಟು ನೋಡಿ, ಪ್ಲೇಯರಿನ ಕಾಲು ತಿರುಗಿಸಿ ಮಟ್ಟ ಮಾಡಿದರೆ ಸಾಕು.

ಮುಳ್ಳಿನ ಭಾರದ ವಿಷಯದಲ್ಲಿ ಮಾತ್ರ ಅಂದಾಜು ಬೇಡ. ನನ್ನದು ಆಡಿಯೋ ಟೆಕ್ನಿಕಾ ಕಂಪನಿಯ ವಿಎಂ95ಇ ಕಾರ್ಟ್ರಿಜ್, ಅಂದರೆ ಮುಳ್ಳು ಕೂರುವ ಪುಟ್ಟ ಭಾಗ. ಅದಕ್ಕೆ ಹೇಳಿರುವ ಭಾರ 2 ಗ್ರಾಂ. ಮೊದಲು ಹಿಂದಿನ ತೂಕದ ಬಿಲ್ಲೆ ತಿರುಗಿಸಿ, ಮುಳ್ಳು ಹೊತ್ತ ಆರ್ಮ್ ಗಾಳಿಯಲ್ಲಿ ತೇಲುವಂತೆ ಮಾಡಬೇಕು. ಅಲ್ಲಿ ಸೊನ್ನೆ ಹಿಡಿದು, ಆಮೇಲೆ 2ಕ್ಕೆ ತರಬೇಕು. ಕೊನೆಗೆ ಒಂದು ಸಣ್ಣ ಡಿಜಿಟಲ್ ತಕ್ಕಡಿಯ ಮೇಲೆ ಮುಳ್ಳು ಇಳಿಸಿ ಪರೀಕ್ಷೆ ಮಾಡುತ್ತೇನೆ. ಭಾರ ಕಡಿಮೆ ಇಟ್ಟರೆ ರೆಕಾರ್ಡಿಗೆ ಒಳ್ಳೆಯದು ಅಂತ ಎಷ್ಟೋ ಜನ ನಂಬಿದ್ದಾರೆ. ಆದರೆ ಭಾರ ಸಾಲದ ಮುಳ್ಳು ಗೆರೆಯೊಳಗೆ ಕುಣಿಯುತ್ತದೆ, ಗೆರೆಯ ಗೋಡೆಯನ್ನು ಅದೇ ಹಾಳು ಮಾಡುತ್ತದೆ.

ಉದ್ದ ಸೈಡಿಗೆ ಇದು ಯಾಕೆ ಇಷ್ಟು ಮುಖ್ಯ ಅಂದರೆ, ತಟ್ಟೆ ಸುತ್ತುವ ವೇಗ ಒಂದೇ ಆದರೂ ಮುಳ್ಳಿನ ಕೆಳಗೆ ಗೆರೆ ಹರಿಯುವ ವೇಗ ಒಂದೇ ಅಲ್ಲ. ಹೊರ ಅಂಚಿನಲ್ಲಿ ಸೆಕೆಂಡಿಗೆ ಸುಮಾರು ಅರ್ಧ ಮೀಟರ್ ಗೆರೆ ಹಾಯುತ್ತದೆ. ಲೇಬಲ್ಲಿನ ಹತ್ತಿರ ಅದರ ಅರ್ಧಕ್ಕಿಂತ ಕಡಿಮೆ. ಅಷ್ಟೇ ಸದ್ದನ್ನು ಇಕ್ಕಟ್ಟಾದ ಜಾಗದಲ್ಲಿ ಬರೆದಿರುತ್ತದೆ. ಪಾಪ್ ಎಲ್‌ಪಿಗಳಲ್ಲಿ ಸೈಡಿನ ಕೊನೆಗೆ ಒಂದು ಮೆಲ್ಲನೆಯ ಹಾಡು ಇಟ್ಟು ಇದನ್ನು ದಾಟಿಕೊಳ್ಳಬಹುದು. ಪ್ರೋಗ್ರೆಸಿವ್ ರಾಕ್‌ನಲ್ಲಿ ಹಾಡು ಏರಿ ಏರಿ ತುದಿ ಮುಟ್ಟುವುದೇ ಅಲ್ಲಿ. ಜೆನೆಸಿಸ್ ತಂಡದ ‘ಫಾಕ್ಸ್‌ಟ್ರಾಟ್’ನ ಎರಡನೇ ಸೈಡು ನೋಡಿ. ಮೊದಲು ಒಂದು ಪುಟ್ಟ ಗಿಟಾರ್ ತುಣುಕು, ಆಮೇಲೆ 23 ನಿಮಿಷದ ‘ಸಪ್ಪರ್ಸ್ ರೆಡಿ’. ಇಡೀ ತಂಡ ಒಟ್ಟಿಗೆ ಎದ್ದು ನಿಲ್ಲುವ ಭಾಗ ಬರುವುದು ತೀರಾ ಒಳಗಿನ ಗೆರೆಗಳಲ್ಲಿ. ಸೈಡು ಇಷ್ಟು ಉದ್ದ ಇದ್ದಾಗ ಗೆರೆಗಳನ್ನು ಹತ್ತಿರ ಹತ್ತಿರ ಕೊರೆಯಬೇಕು, ಸದ್ದನ್ನೂ ತಗ್ಗಿಸಬೇಕು. ನಾವು ವಾಲ್ಯೂಮ್ ಏರಿಸುತ್ತೇವೆ, ಜೊತೆಗೆ ಧೂಳಿನ ಪಟಪಟವೂ ಏರುತ್ತದೆ. ದುಂಡು ಮೊನೆಯ ಮುಳ್ಳು ತೆಗೆದು ಮೊಟ್ಟೆಯಾಕಾರದ ಮೊನೆಯದ್ದನ್ನು ಹಾಕಿದ ಮೇಲೆ ಆ ಕೊನೆಯ ಭಾಗದಲ್ಲಿ ಜೆನೆಸಿಸ್ ಗಾಯಕ ಪೀಟರ್ ಗೇಬ್ರಿಯಲ್ ಧ್ವನಿ ಒಡೆಯುವುದು ತುಂಬಾ ಕಡಿಮೆಯಾಯಿತು.

ಆದ್ದರಿಂದ ತೊಳೆಯುವುದನ್ನು ನಾನು ಬಿಡುವುದಿಲ್ಲ. ನಮ್ಮ ಕಡೆ ಮಾರ್ಚ್, ಏಪ್ರಿಲ್‌ನಲ್ಲಿ ಧೂಳು ಹೇಗಿರುತ್ತದೆ ಅಂತ ಗೊತ್ತೇ ಇದೆ. ಬ್ಯಾಟರಿ ಅಂಗಡಿಯಲ್ಲಿ ಸಿಗುವ ಡಿಸ್ಟಿಲ್ಡ್ ವಾಟರ್‌ಗೆ ಒಂದು ಹನಿ ಪಾತ್ರೆ ತೊಳೆಯುವ ಲಿಕ್ವಿಡ್. ಮೆತ್ತನೆಯ ಬ್ರಷ್ಷಿನಿಂದ ಗೆರೆ ಸುತ್ತುವ ದಿಕ್ಕಿನಲ್ಲೇ ಉಜ್ಜಬೇಕು, ಅಡ್ಡಡ್ಡ ಅಲ್ಲ. ಲೇಬಲ್ ಒದ್ದೆಯಾಗಬಾರದು. ಆಮೇಲೆ ಬರೀ ಡಿಸ್ಟಿಲ್ಡ್ ವಾಟರ್‌ನಲ್ಲಿ ಮತ್ತೊಮ್ಮೆ. ನಲ್ಲಿ ನೀರು ಬೇಡ, ಬೋರ್‌ವೆಲ್ ನೀರಂತೂ ಬೇಡವೇ ಬೇಡ. ಒಣಗಿದಾಗ ಅದರ ಉಪ್ಪು ಗೆರೆಯೊಳಗೇ ಉಳಿಯುತ್ತದೆ. ಒಂದು ಎಚ್ಚರಿಕೆ. ನಮ್ಮ ಜಿಲ್ಲೆಯ ಎಷ್ಟೋ ಮನೆಗಳ ಅಟ್ಟದಲ್ಲಿ ನಾಟಕದ ಹಾಡುಗಳ ಹಳೆಯ 78ರ ಪ್ಲೇಟುಗಳಿವೆ (ನಿಮಿಷಕ್ಕೆ 78 ಸುತ್ತಿನವು). ಅವುಗಳಿಗೆ ಸ್ಪಿರಿಟ್ ಇರುವ ಯಾವ ದ್ರಾವಣವನ್ನೂ ಹಚ್ಚಬೇಡಿ. ಅವು ಅರಗಿನವು, ಸ್ಪಿರಿಟ್ಟಿನಲ್ಲಿ ಕರಗುತ್ತವೆ.

ಗುಂಯ್ ಅನ್ನುವ ಸದ್ದಿದ್ದರೆ ಟರ್ನ್‌ಟೇಬಲ್ಲಿನ ಸಣ್ಣ ಅರ್ಥ್ ವೈರು, ಮುಳ್ಳಿನಿಂದ ಬರುವ ಸಣ್ಣ ಸಿಗ್ನಲ್ ಹೆಚ್ಚಿಸುವ ಪ್ರಿಆಂಪಿನ ಸ್ಕ್ರೂಗೆ ಸೇರಿದೆಯಾ ನೋಡಿ. ಬೇಸಿಗೆಯಲ್ಲಿ ಮನೆಯ ಅರ್ಥಿಂಗ್ ಗುಂಡಿಗೂ ನೀರು ಹಾಕಿಸಿ.

ವೇಗದ ಬಗ್ಗೆ ಒಂದು ಮಾತು. ನಮ್ಮ ಸಂಬಂಧಿಕರೊಬ್ಬರು ಅಮೆರಿಕದಿಂದ ಹಳೆಯ ಬೆಲ್ಟ್ ಪ್ಲೇಯರ್ ತಂದಿದ್ದರು. 110 ವೋಲ್ಟಿಗೆ ಟ್ರಾನ್ಸ್‌ಫಾರ್ಮರ್ ಹಾಕಿದರೂ ಪಿಂಕ್ ಫ್ಲಾಯ್ಡ್ ನಿದ್ದೆಗಣ್ಣಿನಲ್ಲಿ ಹಾಡಿದ ಹಾಗೆ ಬರುತ್ತಿತ್ತು. ಅಂಥ ಮೋಟಾರು ಕರೆಂಟಿನ ಫ್ರೀಕ್ವೆನ್ಸಿಯನ್ನು ಹಿಡಿದು ಸುತ್ತುತ್ತದೆ. ಅಲ್ಲಿ 60 ಹರ್ಟ್ಸ್, ಇಲ್ಲಿ 50. ಹಾಗಾಗಿ 33⅓ರ ಬದಲು ಸುಮಾರು 27.8 ಸುತ್ತು. ಶ್ರುತಿ ಮೂರು ಸ್ವರಸ್ಥಾನ ಕೆಳಗಿಳಿಯುತ್ತದೆ. 50 ಹರ್ಟ್ಸಿನ ಪುಲ್ಲಿ ಹಾಕಿಸಿದರು, ಸರಿಹೋಯಿತು. ವೇಗ ನೋಡಲು 180 ಗೀಟುಗಳ ಸ್ಟ್ರೋಬ್ ಡಿಸ್ಕನ್ನು ಚೋಕ್ ಇರುವ ಹಳೆ ಟ್ಯೂಬ್‌ಲೈಟಿನ ಕೆಳಗೆ ಸುತ್ತಿಸಬೇಕು. ಗೀಟುಗಳು ನಿಂತಂತೆ ಕಂಡರೆ ವೇಗ ಸರಿ. ಇದಕ್ಕೋಸ್ಕರವೇ ನಾನು ಆ ರೂಮಿನ ಟ್ಯೂಬ್‌ಲೈಟ್ ಬದಲಿಸಿಲ್ಲ.

ಇನ್ನು ಕೇಳುವ ವಿಷಯ. ನಮ್ಮ ದೊಡ್ಡಪ್ಪ ಹರಿಕಥೆಗೆ ಮೃದಂಗ ನುಡಿಸುತ್ತಿದ್ದವರು. ಒಂದು ಭಾನುವಾರ ಪಿಂಕ್ ಫ್ಲಾಯ್ಡ್‌ನ ‘ದಿ ಡಾರ್ಕ್ ಸೈಡ್ ಆಫ್ ದಿ ಮೂನ್’ನ ಎರಡನೇ ಸೈಡು ಹಾಕಿದ್ದೆ. ಅದರ ಮೊದಲ ಹಾಡು ‘ಮನಿ’. ಚಿಲ್ಲರೆ ಕಾಸು, ಗಲ್ಲಾಪೆಟ್ಟಿಗೆಯ ಸದ್ದು, ಆಮೇಲೆ ಬೇಸ್ ಗಿಟಾರು. ಅವರ ಕೈ ತಾನಾಗಿ ತೊಡೆಯ ಮೇಲೆ ಬಿತ್ತು.

‘ಏಳು ಕಣೋ ಇದು. ಮಿಶ್ರದಲ್ಲಿದೆ.’

‘ಹೌದು ದೊಡ್ಡಪ್ಪ, ಹಾಗೇ ಹಾಕ್ತಿರಿ, ಮುಂದೆ ನೋಡಿ.’

ಸ್ಯಾಕ್ಸೋಫೋನ್ ಮುಗಿಯುವವರೆಗೂ ಏಳು ಬಿಡದೆ ಹಾಕಿದರು. ಗಿಟಾರ್ ಶುರುವಾದ ಕೂಡಲೇ ಕೈ ತಡೆಯಿತು. ‘ಇಲ್ಲಿ ನಾಲ್ಕಕ್ಕೆ ಬಂದ್ಬಿಟ್ರಲ್ಲೋ!’ ಅಂದರು. ನಿಜ, ಡೇವಿಡ್ ಗಿಲ್ಮೋರ್ ಗಿಟಾರಿಗೆ ಮಾತ್ರ ಲಯ ನಾಲ್ಕಕ್ಕೆ ಬರುತ್ತದೆ, ಮತ್ತೆ ಏಳಕ್ಕೆ ಹೋಗುತ್ತದೆ. ಅವರಿಗೆ ಇಂಗ್ಲಿಷ್ ಸಾಹಿತ್ಯ ಒಂದು ಸಾಲೂ ಬೇಕಾಗಲಿಲ್ಲ.

ಅಂದಿನಿಂದ ಕೈಯಲ್ಲಿ ತಾಳ ಹಾಕಿಕೊಂಡೇ ಕೇಳುತ್ತೇನೆ. ‘ಟಾರ್ಕಸ್’ ಶುರುವಿನ ಭಾಗ ಐದು, ನಮ್ಮ ಖಂಡ. ‘ಸಪ್ಪರ್ಸ್ ರೆಡಿ’ಯಲ್ಲಿ ಒಂದು ಭಾಗದ ಹೆಸರಿನಲ್ಲೇ ಒಂಬತ್ತರ ಎಣಿಕೆ ಇದೆ, ಅದು ಸಂಕೀರ್ಣ. ಮೇಲೆ ಟೋನಿ ಬ್ಯಾಂಕ್ಸ್ ಆರ್ಗನ್ ತನ್ನ ಪಾಡಿಗೆ ಹೋಗುತ್ತಿದ್ದರೂ ಕೆಳಗೆ ಆ ಒಂಬತ್ತು ಬಿಡುವುದಿಲ್ಲ. ಒಂಬತ್ತನ್ನು ಬೆರಳಲ್ಲಿ ಹಿಡಿದು ಕೂತರೆ ಆರ್ಗನ್ ಎಲ್ಲಿ ದೂರ ಹೋಯಿತು, ಎಲ್ಲಿ ಬಂದು ಸೇರಿತು ಅಂತ ಕಾಣುತ್ತದೆ. ಕಷ್ಟದ ಸಂಗೀತ ಅಂತ ಇದಕ್ಕೆ ಹೆಸರಿದೆ. ತಾಳ ಹಾಕಿ ಬೆಳೆದ ಕಿವಿಗೆ ಅಷ್ಟೇನೂ ಕಷ್ಟವಲ್ಲ. ನಮ್ಮ ಊರಿನ ಕೇಳುಗರು ಇದರಿಂದ ದೂರ ಇರಬೇಕಾಗಿಯೇ ಇಲ್ಲ.

ರೆಕಾರ್ಡು ಕೊಳ್ಳಲು ಬೆಂಗಳೂರೇ ಗತಿ. ಬೆಳಿಗ್ಗೆ ರೈಲು ಹತ್ತಿ, ಚಿಕ್ಕಪೇಟೆ ಕಡೆಯ ಸಂಡೆ ಬಜಾರ್ ಸುತ್ತಿ ಸಂಜೆಗೆ ವಾಪಸ್. ಕಲ್ಕತ್ತೆಯ ದಮ್‌ದಮ್‌ನಲ್ಲಿ ಗ್ರಾಮಫೋನ್ ಕಂಪನಿ ಆಫ್ ಇಂಡಿಯಾ ಒತ್ತಿದ ಪಿಂಕ್ ಫ್ಲಾಯ್ಡ್ ಎಲ್‌ಪಿಗಳು ಒಮ್ಮೊಮ್ಮೆ ಕಣ್ಣಿಗೆ ಬೀಳುತ್ತವೆ. ಹಳೆಯದಾದರೆ ಮೊದಲು ನಡುವಿನ ತೂತಿನ ಸುತ್ತ ಲೇಬಲ್ ನೋಡುತ್ತೇನೆ. ಅಲ್ಲಿ ಗೀಚು ಜಾಸ್ತಿ ಇದ್ದರೆ ತುಂಬಾ ಸಲ, ಅದೂ ಆತುರದಲ್ಲಿ ಹಾಕಿದ್ದಾರೆ ಅಂತ ಅರ್ಥ. ಆಮೇಲೆ ಬೆಳಕಿಗೆ ಓರೆಯಾಗಿ ಹಿಡಿದು ಗೀರುಗಳನ್ನು ನೋಡುವುದು. ಉಗುರಿಗೆ ಸಿಗದ ಗೀರು ಪರವಾಗಿಲ್ಲ. ಹೊಸ ಮರುಮುದ್ರಣಗಳಿಗೆ ಎರಡು ಮೂರು ಸಾವಿರ ರೂಪಾಯಿ ಸಲೀಸಾಗಿ ಆಗುತ್ತದೆ. ಕಿಂಗ್ ಕ್ರಿಮ್ಸನ್, ಯೆಸ್, ಜೆಥ್ರೋ ಟಲ್‌ನ ಆಲ್ಬಮ್‌ಗಳನ್ನು ಬ್ರಿಟಿಷ್ ಸಂಗೀತಗಾರ ಸ್ಟೀವನ್ ವಿಲ್ಸನ್ ಹೊಸದಾಗಿ ಮಿಕ್ಸ್ ಮಾಡಿದ್ದಾರೆ, ಅಂದರೆ ಒಂದೊಂದು ವಾದ್ಯ, ಧ್ವನಿಯ ಸದ್ದನ್ನು ಮತ್ತೆ ಹೊಂದಿಸಿ ಸೇರಿಸಿದ್ದಾರೆ. ಅವು ಚೆನ್ನಾಗಿವೆ. ಆದರೆ ಮೊದಲ ಸಲ ಕೇಳುವವರು ಹಳೆಯ ಮಿಕ್ಸನ್ನೇ ಕೇಳಲಿ ಅನ್ನುವುದು ನನ್ನ ಆಸೆ.

ಮುಖಪುಟವೂ ಸೇರಿಯೇ ಆಲ್ಬಮ್. ‘ಥಿಕ್ ಆಸ್ ಎ ಬ್ರಿಕ್’ನ ಹೊದಿಕೆ 12 ಪುಟಗಳ ಒಂದು ಊರ ಪತ್ರಿಕೆ. ಓದುತ್ತಾ ಕೂತರೆ ಸೈಡು ಮುಗಿದಿರುತ್ತದೆ.

ಶುರು ಮಾಡುವವರಿಗೆ 1975ರ ಎರಡು ಎಲ್‌ಪಿ ಹೇಳುತ್ತೇನೆ. ಪಿಂಕ್ ಫ್ಲಾಯ್ಡ್‌ನ ‘ವಿಶ್ ಯು ವರ್ ಹಿಯರ್’ನಲ್ಲಿ ತಂಡ ಬಿಟ್ಟುಹೋದ ಸಿಡ್ ಬ್ಯಾರೆಟ್ ನೆನಪಿನ ಉದ್ದದ ಹಾಡನ್ನು ಎರಡು ಮಾಡಿ, ಒಂದು ಭಾಗವನ್ನು ಮೊದಲಿಗೂ ಇನ್ನೊಂದನ್ನು ಕೊನೆಗೂ ಇಟ್ಟಿದ್ದಾರೆ. ಕ್ಯಾಮೆಲ್ ತಂಡದ ‘ದಿ ಸ್ನೋ ಗೂಸ್’ನಲ್ಲಿ ಸಾಹಿತ್ಯವೇ ಇಲ್ಲ, ಹೆಚ್ಚೂಕಡಿಮೆ ಬರೀ ವಾದ್ಯ. ನಮ್ಮ ಮನೆಯಲ್ಲಿ ಎಲ್ಲರಿಗೂ ಹಿಡಿಸಿದ್ದು ಅದೊಂದೇ. ಯೆಸ್ ತಂಡದ ‘ಟೇಲ್ಸ್ ಫ್ರಮ್ ಟೊಪೊಗ್ರಾಫಿಕ್ ಓಷನ್ಸ್’ ಮಾತ್ರ ನಿಧಾನಕ್ಕೆ ತೆಗೆದುಕೊಳ್ಳಿ. ಪರಮಹಂಸ ಯೋಗಾನಂದರ ಆತ್ಮಕಥೆಯ ಒಂದು ಅಡಿಟಿಪ್ಪಣಿ ಓದಿ ತಂಡದ ಗಾಯಕ ಜಾನ್ ಆಂಡರ್ಸನ್‌ಗೆ ಹೊಳೆದದ್ದು ಅದು. ಶ್ರುತಿ, ಸ್ಮೃತಿ, ಪುರಾಣ, ತಂತ್ರ ಅಂತ ನಾಲ್ಕು ಸೈಡು, ಸೈಡಿಗೊಂದೇ ಹಾಡು. ಒಂದು ಸಂಜೆಗೆ ಒಂದು ಸೈಡು ಸಾಕು. ಮೂರನೆಯದರ ಗದ್ದಲ ನನಗೆ ಇನ್ನೂ ಪೂರ್ತಿ ಒಗ್ಗಿಲ್ಲ. ಆದರೆ ಅದರ ಕೊನೆಯಲ್ಲಿ ಸ್ಟೀವ್ ಹೌ ನುಡಿಸುವ ಅಕೌಸ್ಟಿಕ್ ಗಿಟಾರಿಗಾಗಿ ಆ ಸೈಡನ್ನು ಮತ್ತೆ ಮತ್ತೆ ಹಾಕುತ್ತೇನೆ.