ಇಎಸ್‌ಆರ್1 ಮೇಲೆ ಮದ್ದು ಪರೀಕ್ಷಿಸುವ ಮುನ್ನ ಪ್ಲೇಟಿನಲ್ಲಿರುವ ಹಾರ್ಮೋನ್ ತೆಗೆಯಿರಿ

ಎಂಸಿಎಫ್-7 ಎಂಬ ಸ್ತನ ಕ್ಯಾನ್ಸರ್ ಸೆಲ್‌ಗಳಿಗೆ ಎಸ್ಟ್ರಾಡಿಯಾಲ್ (ಮುಖ್ಯ ಈಸ್ಟ್ರೊಜನ್ ಹಾರ್ಮೋನ್) ಕೊಡದೆಯೇ, ಅದರ ಸುಳಿವು ಕೊಡಲು ಇಟ್ಟ ಬೆಳಕಿನ ಕಿಣ್ವ ಲೂಸಿಫರೇಸ್ ಬೆಳಗುತ್ತಿದ್ದರೆ, ಹೊಸ ಮದ್ದಿನ ಮಾತು ಆಮೇಲೆ. ಮೊದಲು ಮೀಡಿಯಂ, ಅಂದರೆ ಸೆಲ್‌ಗಳು ಬೆಳೆಯುವ ಪೋಷಕ ದ್ರವ ನೋಡಿ.

ಇಎಸ್‌ಆರ್1 ಜೀನ್‌ನಿಂದ ತಯಾರಾಗುವುದು 595 ಅಮೈನೊ ಆಮ್ಲಗಳ ಈಸ್ಟ್ರೊಜನ್ ರಿಸೆಪ್ಟರ್ ಆಲ್ಫಾ, ಅಂದರೆ ಈಸ್ಟ್ರೊಜನ್ ಹಿಡಿದು ಜೀನ್‌ಗಳನ್ನು ಚಾಲೂ ಮಾಡುವ ಪ್ರೋಟೀನ್. ಸ್ತನ ಕ್ಯಾನ್ಸರಿನ ಹಳೆಯ ಮದ್ದು ಟಮಾಕ್ಸಿಫೆನ್ ಕಾಲದಿಂದಲೂ ಇದು ಔಷಧಗಳ ಗುರಿ. ಆದರೂ ಕೆಲಸ ಮುಗಿದಿಲ್ಲ. ದೇಹದಲ್ಲಿ ಈಸ್ಟ್ರೊಜನ್ ತಯಾರಿಸುವ ಕಿಣ್ವ ಅರೊಮಟೇಸನ್ನು ತಡೆಯುವ ಮಾತ್ರೆ ತೆಗೆದುಕೊಂಡ ಕೆಲವರ ಗಡ್ಡೆಗಳಲ್ಲಿ ಈ ಜೀನ್‌ನ ವೈ537ಎಸ್, ಡಿ538ಜಿ ಎಂಬ ರೂಪಾಂತರಗಳು ಕಾಣಿಸಿಕೊಳ್ಳುತ್ತವೆ. ಆಗ ರಿಸೆಪ್ಟರ್ ಹಾರ್ಮೋನಿನ ಹಂಗಿಲ್ಲದೆ ಚಾಲೂ ಇರುತ್ತದೆ. ಇಂಥ ರೂಪಾಂತರವಿರುವ ಸ್ತನ ಕ್ಯಾನ್ಸರಿಗೆ ಅಮೆರಿಕದಲ್ಲಿ 2023ರ ಜನವರಿಯಲ್ಲಿ ಎಲಾಸೆಸ್ಟ್ರಾಂಟ್ ಮಾತ್ರೆಗೆ ಒಪ್ಪಿಗೆ ಸಿಕ್ಕಿತು. ಇದೇ ರಿಸೆಪ್ಟರ್ ಮೇಲೆ ಕೆಲವು ಸಂಯುಕ್ತಗಳನ್ನು ಪರೀಕ್ಷಿಸಲು ನಾವು ಹಿಡಿದ ದಾರಿ ಹೀಗಿದೆ.

ಹಾರ್ಮೋನ್ ನುಸುಳುವ ಬಾಗಿಲು ಒಂದೆರಡಲ್ಲ. ಮೀಡಿಯಂಗೆ ಸೇರಿಸುವ ಸೀರಮ್‌ನಲ್ಲಿ (ರಕ್ತದ ತಿಳಿ ಭಾಗ) ಅದು ಇದ್ದೇ ಇರುತ್ತದೆ. ಮೀಡಿಯಂಗೆ ಬಣ್ಣ ಕೊಡುವ ಫೀನಾಲ್ ರೆಡ್ ಜೊತೆಗಿನ ಕಲ್ಮಶವೂ ಈಸ್ಟ್ರೊಜನ್‌ನಂತೆ ನಡೆದುಕೊಳ್ಳುತ್ತದೆ. ಬಣ್ಣವಿಲ್ಲದ ಮೀಡಿಯಂ ತರಿಸಿಕೊಂಡವರೂ ಸೆಲ್‌ಗಳನ್ನು ತಳದಿಂದ ಬಿಡಿಸುವ ಟ್ರಿಪ್ಸಿನ್‌ನ ಬಾಟಲಿಯನ್ನು ಮರೆಯುತ್ತಾರೆ. ಅದರಲ್ಲೂ ಸಾಮಾನ್ಯವಾಗಿ ಫೀನಾಲ್ ರೆಡ್ ಇರುತ್ತದೆ. ಇನ್ನು ಪ್ಲಾಸ್ಟಿಕ್: ಕೆಲವು ಪಾಲಿಸ್ಟೈರೀನ್ ಟ್ಯೂಬುಗಳಿಂದ ಈಸ್ಟ್ರೊಜನ್‌ನಂತೆಯೇ ವರ್ತಿಸುವ ನೋನೈಲ್‌ಫೀನಾಲ್ ಸೋರಿ ಸೆಲ್‌ಗಳನ್ನು ಬೆಳೆಸಿದ್ದು 1991ರಲ್ಲೇ ವರದಿಯಾಗಿದೆ. ಎಸ್ಟ್ರಾಡಿಯಾಲ್ ಸ್ವತಃ ಪ್ಲಾಸ್ಟಿಕ್‌ಗೆ ಅಂಟಿಕೊಳ್ಳುತ್ತದೆ ಬೇರೆ. ಹಾಗಾಗಿ ನಮ್ಮ ಸ್ಟಾಕ್ 10 ಮಿಲಿಮೋಲಾರ್, ಎಥನಾಲ್‌ನಲ್ಲಿ, ಗಾಜಿನ ವಯಲ್‌ನಲ್ಲಿ, ಮೈನಸ್ 20 ಡಿಗ್ರಿಯಲ್ಲಿ. ಕೆಳಗಿನ ಡೈಲ್ಯೂಷನ್‌ಗಳನ್ನು ಅಂದಂದೇ ಮಾಡುತ್ತೇವೆ.

ಸೀರಮ್‌ನ ಹಾರ್ಮೋನನ್ನು ಚಾರ್ಕೋಲ್‌ಗೆ ಹೀರಿಸಿ ತೆಗೆಯುವ ಶುದ್ಧಿ: 500 ಮಿಲಿಲೀಟರ್‌ಗೆ 5 ಗ್ರಾಂ ಆಕ್ಟಿವೇಟೆಡ್ ಚಾರ್ಕೋಲ್, 0.5 ಗ್ರಾಂ ಡೆಕ್ಸ್‌ಟ್ರಾನ್ ಟಿ-70. 56 ಡಿಗ್ರಿಯಲ್ಲಿ 30 ನಿಮಿಷ ಅಲುಗಿಸಿ, ಸೆಂಟ್ರಿಫ್ಯೂಜ್ ಮಾಡಿ, ಮೇಲಿನ ದ್ರವಕ್ಕೆ ಹೊಸ ಚಾರ್ಕೋಲ್ ಹಾಕಿ ಇನ್ನೊಮ್ಮೆ. ನೇರ 0.22 ಮೈಕ್ರಾನ್ ಫಿಲ್ಟರಿಗೆ ಸುರಿದರೆ ಕಪ್ಪು ಪುಡಿ ಕಟ್ಟಿಕೊಂಡು ಅರ್ಧಕ್ಕೇ ನಿಲ್ಲುತ್ತದೆ, ಮೊದಲು 0.45ರಲ್ಲಿ ಇಳಿಸಿ. ಮೂರನೇ ಸಲ ಶುದ್ಧಿ ಮಾಡುವ ಆಸೆ ಬೇಡ. ಬೇಕಾದ ಪೋಷಕಾಂಶಗಳೂ ಹೋಗಿ ಸೆಲ್‌ಗಳು ತಳಕ್ಕೆ ಅಂಟದೆ ತೇಲುತ್ತವೆ. ಸೊರಗಿವೆಯೆಂದು ಇನ್ಸುಲಿನ್ ಸೇರಿಸುವುದು ಇನ್ನೂ ಕೆಟ್ಟದ್ದು, ಏಕೆಂದರೆ ಬೆಳವಣಿಗೆಯ ಸಂಕೇತಗಳು ರಿಸೆಪ್ಟರ್‌ಗೆ ಫಾಸ್ಫೇಟ್ ಅಂಟಿಸಿ ಹಾರ್ಮೋನ್ ಇಲ್ಲದೆಯೂ ಅದನ್ನು ಎಬ್ಬಿಸುತ್ತವೆ.

ಶುದ್ಧ ಸೀರಮ್ 5 ಶೇಕಡಾ ಇರುವ ಮೀಡಿಯಂನಲ್ಲಿ 72 ಗಂಟೆ, ದಿನಕ್ಕೊಮ್ಮೆ ಮೀಡಿಯಂ ಬದಲು. ಒಂದೇ ದಿನ ಸಾಕೆಂದರೆ ಸೆಲ್ ಒಳಗೆ ಉಳಿದ ಹಾರ್ಮೋನ್ ಕೈಕೊಡುತ್ತದೆ. ಎರಡನೇ ದಿನ 96 ಗುಳಿಯ ಪ್ಲೇಟಿಗೆ ಗುಳಿಗೊಂದು 20,000 ಸೆಲ್. ಮರುದಿನ ಸೆಲ್‌ಗಳೊಳಗೆ ಪ್ಲಾಸ್ಮಿಡ್ (ಡಿಎನ್‌ಎ ಉಂಗುರ): ರಿಸೆಪ್ಟರ್ ಬಂದು ಕೂರುವ ಮೂರು ಇಆರ್‌ಇ ತುಣುಕುಗಳಿರುವ ಫೈರ್‌ಫ್ಲೈ ಲೂಸಿಫರೇಸ್ ಪ್ಲಾಸ್ಮಿಡ್ 100 ನ್ಯಾನೊಗ್ರಾಂ, ಹೋಲಿಕೆಗೆ ಇನ್ನೊಂದು ಲೂಸಿಫರೇಸ್ ಆದ ರೆನಿಲ್ಲಾ 5 ನ್ಯಾನೊಗ್ರಾಂ. ಆರು ಗಂಟೆಯ ನಂತರ ಸಂಯುಕ್ತ, ಮತ್ತೆ 24 ಗಂಟೆಗೆ ಓದು. ದ್ರಾವಕ ಎಲ್ಲ ಗುಳಿಗಳಲ್ಲೂ ಸಮವಾಗಿ 0.1 ಶೇಕಡಾ. ಎಸ್ಟ್ರಾಡಿಯಾಲ್ ಕೊಟ್ಟ ಗುಳಿ ಬರಿಯ ದ್ರಾವಕದ ಗುಳಿಗಿಂತ 8 ಪಟ್ಟಾದರೂ ಬೆಳಗದಿದ್ದರೆ ಆ ಪ್ಲೇಟನ್ನು ನಾವು ಲೆಕ್ಕಕ್ಕೆ ಹಿಡಿಯುವುದಿಲ್ಲ.

ತಡೆಯುವ ಗುಣ ನೋಡುವಾಗ ಎಸ್ಟ್ರಾಡಿಯಾಲ್ ಎಷ್ಟು ಹಾಕುತ್ತೀರಿ ಎನ್ನುವುದರ ಮೇಲೆ ಉತ್ತರ ನಿಂತಿದೆ. ಅನೇಕರು ರೂಢಿಯಂತೆ 10 ನ್ಯಾನೊಮೋಲಾರ್ ಹಾಕುತ್ತಾರೆ. ಅಷ್ಟರಲ್ಲಿ ರಿಸೆಪ್ಟರ್ ತುಂಬಿ ತುಳುಕುತ್ತಿರುತ್ತದೆ, ಸ್ಪರ್ಧೆಗೆ ಬಂದ ಒಳ್ಳೆಯ ಸಂಯುಕ್ತವೂ ಸೋತಂತೆ ಕಾಣುತ್ತದೆ. ನಾವು 100 ಪಿಕೊಮೋಲಾರ್‌ನಲ್ಲೇ ನಿಲ್ಲುತ್ತೇವೆ. ಪಕ್ಕದಲ್ಲಿ ಈ ರಿಸೆಪ್ಟರನ್ನು ತಡೆಯುತ್ತವೆಂದು ಗೊತ್ತಿರುವ ಫುಲ್ವೆಸ್ಟ್ರಾಂಟ್ ಮತ್ತು 4-ಹೈಡ್ರಾಕ್ಸಿ ಟಮಾಕ್ಸಿಫೆನ್ (ದೇಹದಲ್ಲಿ ಟಮಾಕ್ಸಿಫೆನ್ ತಾಳುವ ಸಕ್ರಿಯ ರೂಪ), ಹೋಲಿಕೆಗೆ.

ಬೆಳಕು ಏರಿತು ಅಥವಾ ಇಳಿಯಿತು ಎಂದ ಮಾತ್ರಕ್ಕೆ ರಿಸೆಪ್ಟರ್ ಕಾರಣವಲ್ಲ. ರೆಸ್ವೆರಾಟ್ರಾಲ್ ಫೈರ್‌ಫ್ಲೈ ಲೂಸಿಫರೇಸನ್ನೇ ಹಿಡಿದು ತಡೆಯುತ್ತದೆ. ಸೋಯಾದ ಜೆನಿಸ್ಟೀನ್ ಮೈಕ್ರೊಮೋಲಾರ್ ಪ್ರಮಾಣದಲ್ಲಿ ಆ ಕಿಣ್ವವನ್ನು ನಶಿಸದಂತೆ ಕಾಪಾಡಿ, ಎಸ್ಟ್ರಾಡಿಯಾಲ್‌ಗಿಂತ ಹೆಚ್ಚು ಬೆಳಕು ತೋರಿಸಿ ಮೋಸ ಮಾಡುತ್ತದೆ. ಆದ್ದರಿಂದ ಪ್ಲಾಸ್ಮಿಡ್ ಇಲ್ಲದ ಸೆಲ್‌ಗಳಲ್ಲಿ ಕ್ಯೂಪಿಸಿಆರ್ (ಜೀನ್‌ನ ಆರ್‌ಎನ್‌ಎ ಅಳೆಯುವ ಪರೀಕ್ಷೆ) ಮಾಡಿ, ಈಸ್ಟ್ರೊಜನ್ ಚಾಲೂ ಮಾಡುವ ಜೀನ್‌ಗಳಾದ ಟಿಎಫ್‌ಎಫ್1, ಜಿಆರ್‌ಇಬಿ1 ಎಷ್ಟಿದೆ ನೋಡುತ್ತೇವೆ. ಲೂಸಿಫರೇಸ್ ಒಂದು ಹೇಳಿ ಇವು ಇನ್ನೊಂದು ಹೇಳಿದರೆ ನಾನು ನಂಬುವುದು ಇವನ್ನೇ.

ಆಮೇಲೆ ಜೀನ್‌ನ ಸರದಿ. ಇಎಸ್‌ಆರ್1ಗೆ ಬೇರೆ ಬೇರೆ ಮೂರು ಎಸ್‌ಐಆರ್‌ಎನ್‌ಎ (ಜೀನ್‌ನ ಬಾಯಿ ಮುಚ್ಚಿಸುವ ಪುಟ್ಟ ಆರ್‌ಎನ್‌ಎ), ಪ್ರತಿಯೊಂದೂ 20 ನ್ಯಾನೊಮೋಲಾರ್, 48 ಗಂಟೆ. ರಿಸೆಪ್ಟರ್ ಇಳಿದಿರುವುದನ್ನು ಪ್ರೋಟೀನನ್ನು ಗೆರೆಯಾಗಿ ತೋರಿಸುವ ವೆಸ್ಟರ್ನ್ ಬ್ಲಾಟ್‌ನಲ್ಲಿ 66 ಕಿಲೊಡಾಲ್ಟನ್ ಗೆರೆಯಲ್ಲಿ ಖಚಿತಪಡಿಸಿಕೊಳ್ಳಿ. ಆಗಲೂ ಸಂಯುಕ್ತ ಮೊದಲಿನಷ್ಟೇ ಸೆಲ್ ಕೊಲ್ಲುತ್ತಿದ್ದರೆ ಅದು ಬರೀ ವಿಷ. ಈ ರಿಸೆಪ್ಟರ್ ಇಲ್ಲದ ಎಂಡಿಎ-ಎಂಬಿ-231 ಸೆಲ್‌ಗಳಲ್ಲೂ ಅದೇ ಪ್ರಮಾಣ ಹಾಕಿ ನೋಡಿ.

ಅದೇ ಬ್ಲಾಟ್ ಇನ್ನೊಂದು ಪ್ರಶ್ನೆಗೂ ಉತ್ತರ ಕೊಡುತ್ತದೆ. 100 ನ್ಯಾನೊಮೋಲಾರ್ ಫುಲ್ವೆಸ್ಟ್ರಾಂಟ್ ಕೊಟ್ಟ ಕೆಲವೇ ಗಂಟೆಗಳಲ್ಲಿ ಗೆರೆ ಮಸುಕಾಗುತ್ತದೆ, 4-ಹೈಡ್ರಾಕ್ಸಿ ಟಮಾಕ್ಸಿಫೆನ್ ಕೊಟ್ಟಲ್ಲಿ ಇನ್ನೂ ದಪ್ಪವಾಗುತ್ತದೆ. ಎರಡೂ ಹಾರ್ಮೋನನ್ನು ತಡೆಯುವವೇ, ಆದರೆ ಒಂದು ರಿಸೆಪ್ಟರನ್ನೇ ಒಡೆಯಲು ಕಳಿಸುತ್ತದೆ, ಇನ್ನೊಂದು ಕೂಡಿಸಿಡುತ್ತದೆ. ಹೊಸ ಸಂಯುಕ್ತದ ಗೆರೆಯನ್ನು ಈ ಎರಡರ ನಡುವೆ ಇಟ್ಟು ನೋಡಿದ ಮೇಲೆಯೇ ನಾವು ವೈ537ಎಸ್ ಸೆಲ್‌ಗಳ ಪ್ಲೇಟ್ ತೆರೆಯುವುದು.