ಸಿಂಪಿಯ ಹರ್ಪಿಸ್ ಜೀನೋಮ್ ಕೊನೆಗೂ ಒಂದೇ ತುಂಡಾಗಿ ಸಿಕ್ಕಿತು: ನನ್ನ ಅನುಭವ

ಸಿಂಪಿಯನ್ನು ಕೊಲ್ಲುವ ಹರ್ಪಿಸ್ ವೈರಸ್ಸಿನ ಜೀನೋಮ್, ಅಂದರೆ ಅದರ ಪೂರ್ತಿ ಡಿಎನ್ಎ, ನನಗೆ ಬೇಕಿತ್ತು. ಮೊದಲು ವೈರಸ್ಸನ್ನು ಸೋಸಿ ತೆಗೆಯೋಣ, ಆಮೇಲೆ ಸೀಕ್ವೆನ್ಸ್ ಮಾಡೋಣ (ಡಿಎನ್ಎಯ ಅಕ್ಷರಗಳನ್ನು ಓದೋಣ) ಅಂದಾಗ ಲ್ಯಾಬ್‌ನಲ್ಲಿ ಯಾರೂ ಒಪ್ಪಲಿಲ್ಲ. ಸೋಸುವಾಗಲೇ ಅರ್ಧ ಹೋಗಿಬಿಡುತ್ತದೆ, ಸುಮ್ನೆ ರೀಡ್ (ಯಂತ್ರ ಓದಿ ಕೊಡುವ ಡಿಎನ್ಎ ತುಣುಕು) ಜಾಸ್ತಿ ತೆಗೆಸು, ಉಳಿದದ್ದು ಕಂಪ್ಯೂಟರ್ ಕೆಲಸ ಅಂದರು. ಅವರ ಮಾತು ಕೇಳಿ ಒಂದು ವರ್ಷ ಹೋಯಿತು, ಸುಮಾರು 3000 ಯೂರೋ ಕೂಡ.

ನಮ್ಮ ಸಿಂಪಿ ಬರುವುದು ದಕ್ಷಿಣ ಫ್ರಾನ್ಸಿನ ತೋ ಲಗೂನ್‌ನಿಂದ. ವಸಂತದಲ್ಲಿ ನೀರು 16 ಡಿಗ್ರಿ ದಾಟಿದರೆ ಈ ವೈರಸ್ಸಿಂದ ಮರಿಗಳು ಸಾಯಲು ಶುರು. 2008ರಲ್ಲಿ ಕಾಣಿಸಿಕೊಂಡ ಮ್ಯೂವಾರ್ ಅನ್ನೋದು ಈ ವೈರಸ್ಸಿನದೇ ಒಂದು ತಳಿ, ಮರಿ ಸಿಂಪಿಗಳನ್ನು ರಾಶಿರಾಶಿ ಕೊಂದದ್ದು. ಪಿಸಿಆರ್‌ನಲ್ಲಿ ಒಂದು ಚೂರು ನೋಡಿ ತಳಿ ಹೇಳುವುದು ನನಗೆ ಸಮಾಧಾನ ತರಲಿಲ್ಲ, ಪೂರ್ತಿ 2 ಲಕ್ಷ ಚಿಲ್ಲರೆ ಅಕ್ಷರ ಬೇಕಿತ್ತು. ಸಿಂಪಿಗೆ ಸೆಲ್ ಲೈನ್ (ಲ್ಯಾಬಿನಲ್ಲಿ ಬೆಳೆಸಿಟ್ಟುಕೊಳ್ಳುವ ಜೀವಕೋಶ) ಇಲ್ಲ. ಹಾಗಾಗಿ ವೈರಸ್ ಬೇಕಾದರೆ ಸಿಂಪಿಯನ್ನೇ ಅರೆಯಬೇಕು, ಅರೆದರೆ ಸಿಂಪಿಯ ಡಿಎನ್ಎನೇ ರಾಶಿ ಬೀಳುತ್ತದೆ.

ಮೊದಲ ಬಾರಿ ತೆಗೆಸಿದ ಚಿಕ್ಕಚಿಕ್ಕ ಶಾರ್ಟ್ ರೀಡ್‌ಗಳಲ್ಲಿ ವೈರಸ್ಸಿನದು ನೂರಕ್ಕೆ ಎರಡೋ ಮೂರೋ ಇತ್ತು. ಜೀನೋಮಿನಲ್ಲಿ ಯುಎಲ್ ಅನ್ನೋ ಉದ್ದ ಭಾಗ, ಯುಎಸ್ ಅನ್ನೋ ಚಿಕ್ಕ ಭಾಗ ಇವೆ; ಯುಎಲ್ ಚೆನ್ನಾಗಿಯೇ ಬಂತು. ಆದರೆ ಎರಡೆರಡು ಸಲ ಬರುವ ಒಂದೇ ಥರದ ತುಂಡುಗಳು, ಅಂದರೆ ಎರಡು ಜೋಡಿ ರಿಪೀಟ್‌ಗಳು, ಒಂದು ಜೋಡಿ ಸುಮಾರು 7.5 ಸಾವಿರ, ಇನ್ನೊಂದು ಹತ್ತಿರಹತ್ತಿರ 10 ಸಾವಿರ ಬೇಸ್ (ಅಕ್ಷರ), ಒಂದರ ಮೇಲೊಂದು ಕುಸಿದು ಕೂತವು. ಎರಡನೇ ಸಲ ಸತ್ತ ಸಿಂಪಿ ತೆಗೆದುಕೊಂಡೆ, ವೈರಸ್ ಜಾಸ್ತಿ ಇರುತ್ತದೆ ಅಂದುಕೊಂಡು. ಬಂದದ್ದೆಲ್ಲ ವಿಬ್ರಿಯೋ ಬ್ಯಾಕ್ಟೀರಿಯಾ. ಸಿಂಪಿ ಇನ್ನೂ ಜೀವಂತ ಇರುವಾಗಲೇ ತೆಗೆಯಬೇಕು. ವೈರಸ್ ಚುಚ್ಚಿ ಎರಡು ದಿನಕ್ಕೆ, ಮ್ಯಾಂಟಲ್ (ಚಿಪ್ಪಿನ ಒಳಗಿನ ಪದರ) ಮತ್ತು ಕಿವಿರು ಮಾತ್ರ. ಮಿಕ್ಕದ್ದು ಬೇಡ.

ಆಮೇಲೆ ನನ್ನ ದಾರಿ ಹಿಡಿದೆ. ಅರೆದದ್ದನ್ನು ಮೆಲ್ಲಗೆ ಸೆಂಟ್ರಿಫ್ಯೂಜ್ ಮಾಡಿ, 0.45 ಮೈಕ್ರಾನ್‌ನಲ್ಲಿ ಸೋಸಿ, 500 ಕಿಲೋಡಾಲ್ಟನ್‌ನ ಹಾಲೋ ಫೈಬರ್ ಅನ್ನೋ ಟೊಳ್ಳು ಎಳೆಗಳ ಫಿಲ್ಟರ್‌ನಲ್ಲಿ ಸುತ್ತಿಸಿದೆ. ಪ್ರೋಟೀನು ಆಚೆ ಹೋಗುತ್ತದೆ, ವೈರಸ್ ಒಳಗೆ ಉಳಿಯುತ್ತದೆ. ಸಿಂಪಿಯ ಲೋಳೆ ಮಾತ್ರ ಪ್ರಾಣ ತಿಂದಿತು: ಎರಡು ಕಾರ್ಟ್ರಿಜ್ ಕಟ್ಟಿಕೊಂಡವು, ಒಂದೊಂದಕ್ಕೆ 200 ಯೂರೋ ಆಸುಪಾಸು. ಸಿಂಪಿಯ ಉದ್ದ ಡಿಎನ್ಎ ಎಳೆಯೂ ವೈರಸ್ ಜೊತೆಗೇ ಉಳಿದುಬಿಡುತ್ತದೆ, ಅದಕ್ಕೆ ಡಿಎನ್‌ಏಸ್ (ಬಯಲಾಗಿ ಬಿದ್ದ ಡಿಎನ್ಎಯನ್ನು ತಿನ್ನುವ ಕಿಣ್ವ) ಬೇಕೇ ಬೇಕು. ಒಮ್ಮೆ ಆ ಕಿಣ್ವವನ್ನು ಇಡಿಟಿಎ (ಅದನ್ನು ತಡೆಯುವ ರಾಸಾಯನಿಕ) ಹಾಕಿ ನಿಲ್ಲಿಸದೆ ವೈರಸ್ ಒಡೆಯುವ ಲೈಸಿಸ್‌ಗೆ ಹೋದೆ, ವೈರಸ್ಸಿನ ಡಿಎನ್ಎಯೂ ಅದರ ಬಾಯಿಗೇ ಹೋಯಿತು. ಮೂರು ವಾರದ ಕೆಲಸ ಅದು. ಡಿಎನ್‌ಏಸ್ ಎಷ್ಟು, ಎಷ್ಟು ಹೊತ್ತು, ಅದಕ್ಕೂ ಮುಂಚೆ ಯಾವುದರಲ್ಲಿ ತೊಳೆದೆ ಅನ್ನೋದನ್ನು ಪೇಪರ್ ಬರುವ ತನಕ ಹೇಳಲ್ಲ, ಬೇಜಾರು ಮಾಡಿಕೊಳ್ಳಬೇಡಿ.

ನಡುವೆ ಟ್ಯಾಂಕಿನ ನೀರನ್ನೇ ಸೋಸಿ ನೋಡಿದೆ. ಅದರಲ್ಲೂ ವೈರಸ್ ಸಿಕ್ಕಿತು! ಸಿಂಪಿಯ ಡಿಎನ್ಎ ತುಂಬಾ ಕಡಿಮೆ, ಆದರೆ ಒಟ್ಟು ಡಿಎನ್ಎ ಲೈಬ್ರರಿಗೆ (ಸೀಕ್ವೆನ್ಸ್ ಮಾಡಲು ಸಿದ್ಧಮಾಡಿಕೊಳ್ಳುವ ಡಿಎನ್ಎ) ಸಾಲಲಿಲ್ಲ. ಹತ್ತು ಲೀಟರ್ ಬದಲು ಐವತ್ತು ತೆಗೆದುಕೊಂಡರೆ ಆಗಬಹುದು ಅನ್ನಿಸುತ್ತದೆ, ಮುಂದಿನ ವಸಂತಕ್ಕೆ ಅದೇ ಯೋಜನೆ.

ಉದ್ದುದ್ದ ರೀಡ್ ಕೊಡುವ ನ್ಯಾನೋಪೋರ್‌ನಲ್ಲಿ ಓಡಿಸಿದ ದಿನ ರಾತ್ರಿ ಮನೆಗೆ ಹೋಗಲಿಲ್ಲ. ಬೆಳಗ್ಗೆ ನೋಡಿದರೆ ಅರ್ಧಕ್ಕಿಂತ ಜಾಸ್ತಿ ರೀಡ್ ವೈರಸ್ಸಿನವು, ಕೆಲವು 30 ಸಾವಿರ ಬೇಸ್ ದಾಟಿದ್ದವು. ಹತ್ತು ಸಾವಿರದ ರಿಪೀಟನ್ನು ಪೂರ್ತಿ ದಾಟಿ ಎರಡೂ ಕಡೆ ಕಾಲೂರಿದ ರೀಡ್ ಕಣ್ಣಾರೆ ಕಂಡಾಗ ಆದ ಖುಷಿ ಹೇಳತೀರದು. ಆದರೆ ರೀಡುಗಳನ್ನು ಜೋಡಿಸುವ ಪ್ರೋಗ್ರಾಂ, ಅಸೆಂಬ್ಲರ್, ಮತ್ತೆ ಅಲ್ಲೇ ಮುರಿಯಿತು. ತಪ್ಪು ರೀಡಿನದಲ್ಲ. ಮನುಷ್ಯರ ಹರ್ಪಿಸ್ ಸಿಂಪ್ಲೆಕ್ಸ್‌ನಂತೆ ಇದರಲ್ಲೂ ಯುಎಲ್, ಯುಎಸ್ ಎರಡೂ ತಲೆಕೆಳಗಾಗಿ ತಿರುಗುತ್ತವೆ, ಒಂದೇ ಸಿಂಪಿಯಲ್ಲಿ ನಾಲ್ಕು ರೂಪ ಇರುತ್ತವೆ, ಅಲ್ವಾ? ದಿಕ್ಕು ನೋಡಿ ರೀಡ್‌ಗಳನ್ನು ಕೈಯಲ್ಲೇ ಬೇರ್ಪಡಿಸಿದೆ, ಎರಡೂ ದಿಕ್ಕಿನವು ಹೆಚ್ಚುಕಮ್ಮಿ ಅರ್ಧಕ್ಕರ್ಧ ಬಂದವು. ಒಂದು ಗುಂಪನ್ನು ಮಾತ್ರ ಕೊಟ್ಟಾಗ ಒಂದೇ ತುಂಡು.

ಒಂದೇ ಅಕ್ಷರ ಸಾಲಾಗಿ ಬರುವ ಕಡೆ ತಪ್ಪುಗಳಿದ್ದವು. ಅವನ್ನು ತಿದ್ದಿದ್ದು ಮೊದಲ ವರ್ಷದ ಆ ಶಾರ್ಟ್ ರೀಡ್‌ಗಳಿಂದಲೇ.